ಪೌರನೀತಿ: ಪುಸ್ತಕದಿಂದ ಪಂಚಾಯಿತಿ ಅಂಗಳಕ್ಕೆ

ಪ್ರೌಢಶಾಲೆಯ ಸಮಾಜ ವಿಜ್ಞಾನದಲ್ಲಿ ಸ್ಥಳೀಯ ಸರ್ಕಾರಗಳ ಪಾಠವೊಂದಿದೆ. ಗ್ರಾಮ, ತಾಲ್ಲೂಕು, ಜಿಲ್ಲೆ ಎಂಬ ಮೂರು ಹಂತದ ಪಂಚಾಯಿತಿ, ಐದು ವರ್ಷದ ಅವಧಿ, ಜನರೇ ಆರಿಸುವ ಸದಸ್ಯರು, ಮಹಿಳೆಯರಿಗೆ ಮೀಸಲು ಸ್ಥಾನ. ಮಕ್ಕಳು ಇದನ್ನು ಓದುತ್ತಾರೆ, ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆಯುತ್ತಾರೆ. ಆದರೆ ಕರ್ನಾಟಕದಲ್ಲಿ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದು ನಾಲ್ಕು ವರ್ಷ ಕಳೆದರೂ ಹೊಸ ಚುನಾವಣೆ ನಡೆಯಲಿಲ್ಲ. ಆಗ ನಾಲ್ಕನೇ ತರಗತಿಯಲ್ಲಿದ್ದ ಮಗು ಎಂಟನೇ ತರಗತಿಗೆ ಬಂದು ಈ ಪಾಠ ಓದುವ ಹೊತ್ತಿಗೂ ಅದರ ಜಿಲ್ಲಾ ಪಂಚಾಯಿತಿಯಲ್ಲಿ ಒಬ್ಬ ಚುನಾಯಿತ ಸದಸ್ಯರೂ ಇರಲಿಲ್ಲ.

ಬೆಂಗಳೂರಿನ ಮಕ್ಕಳ ಪಾಡೂ ಬೇರೆಯಲ್ಲ. ಮಹಾನಗರ ಪಾಲಿಕೆಗೆ 2015ರಲ್ಲಿ ಆಯ್ಕೆಯಾದ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಅಲ್ಲಿಂದ ಮುಂದೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳದ್ದೇ ಕಾರುಬಾರು. 2025ರಲ್ಲಿ ಪಾಲಿಕೆಯನ್ನೇ ಐದಾಗಿ ವಿಂಗಡಿಸಲಾಯಿತು. ಸ್ಥಳೀಯ ಸಂಸ್ಥೆಗಳ ಅವಧಿ ಐದು ವರ್ಷ, ಅದು ಮುಗಿಯುವ ಮೊದಲೇ ಚುನಾವಣೆ ನಡೆದಿರಬೇಕು ಎಂದು ಸಂವಿಧಾನದ 243ಇ ಮತ್ತು 243ಯು ವಿಧಿಗಳು ಸ್ಪಷ್ಟವಾಗಿ ಹೇಳುತ್ತವೆ. ತರಗತಿಯಲ್ಲಿ ಹುಡುಗಿಯೊಬ್ಬಳು ಎದ್ದು ನಿಂತು, 'ಹಾಗಾದರೆ ನಮ್ಮಲ್ಲಿ ಯಾಕೆ ನಡೆದಿಲ್ಲ ಸಾರ್?' ಎಂದು ಕೇಳಿದರೆ ಪುಸ್ತಕದಲ್ಲಿ ಉತ್ತರವಿಲ್ಲ. ಉತ್ತರ ಹುಡುಕಲು ಹೊರಟರೆ ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಪಟ್ಟಿ, ನ್ಯಾಯಾಲಯದ ಅರ್ಜಿಗಳು, ರಾಜ್ಯ ಚುನಾವಣಾ ಆಯೋಗದ ಅಧಿಕಾರ, ಸರ್ಕಾರಗಳ ಅನಾಸಕ್ತಿ ಎಲ್ಲವೂ ಒಂದೊಂದಾಗಿ ತೆರೆದುಕೊಳ್ಳುತ್ತವೆ. ಪೌರಶಿಕ್ಷಣಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗದು. ಆದರೂ ಬಹುಪಾಲು ತರಗತಿಗಳಲ್ಲಿ ಆ ಪ್ರಶ್ನೆ ಏಳುವುದಿಲ್ಲ, ಎದ್ದರೂ 'ಸಿಲಬಸ್‌ನಲ್ಲಿಲ್ಲ' ಎಂಬ ಮಾತಿಗೆ ಕುಳಿತುಬಿಡುತ್ತದೆ.

ಶಾಲೆಗಳಲ್ಲಿ ಪೌರನೀತಿಯನ್ನು ಕಡ್ಡಾಯ ಮಾಡಬೇಕು ಎಂಬ ಬೇಡಿಕೆ ಆಗಾಗ ಕೇಳಿಬರುತ್ತದೆ. ರಸ್ತೆಯಲ್ಲಿ ಕಸ ಎಸೆದದ್ದು ಕಂಡಾಗ, ಮತದಾನದ ಪ್ರಮಾಣ ಕುಸಿದಾಗ, ಸಾಮಾಜಿಕ ಜಾಲತಾಣದಲ್ಲಿ ಸುಳ್ಳು ಸುದ್ದಿ ಹರಿದಾಗ ಈ ಮಾತು ಮುನ್ನೆಲೆಗೆ ಬರುತ್ತದೆ. ಕರ್ನಾಟಕದ ಮಟ್ಟಿಗೆ ಹೇಳುವುದಾದರೆ ಅದು ಈಗಾಗಲೇ ಕಡ್ಡಾಯ. ಎಸ್ಸೆಸ್ಸೆಲ್ಸಿವರೆಗೆ ಸಮಾಜ ವಿಜ್ಞಾನ ಓದದೆ ಯಾರೂ ದಾಟುವಂತಿಲ್ಲ. ಇತಿಹಾಸ, ಭೂಗೋಳ, ಅರ್ಥಶಾಸ್ತ್ರ, ಸಮಾಜಶಾಸ್ತ್ರ, ವ್ಯವಹಾರ ಅಧ್ಯಯನಗಳ ಜೊತೆಗೆ ರಾಜ್ಯಶಾಸ್ತ್ರವೂ ಅದರಲ್ಲಿ ಸೇರಿದೆ. ಸಂವಿಧಾನ, ಕೇಂದ್ರ ಮತ್ತು ರಾಜ್ಯ ಸರ್ಕಾರ, ನ್ಯಾಯಾಂಗ, ಚುನಾವಣಾ ವ್ಯವಸ್ಥೆ ಎಲ್ಲವೂ ಪಠ್ಯದಲ್ಲಿವೆ. 2023ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಶಾಲಾ ಕಾಲೇಜುಗಳಲ್ಲಿ ಸಂವಿಧಾನ ಪ್ರಸ್ತಾವನೆಯ ಓದನ್ನೂ ಕಡ್ಡಾಯಗೊಳಿಸಿತು.

ಅಂದಮೇಲೆ ಕೊರತೆ ಇರುವುದು ಎಲ್ಲಿ? ಮೂರು ಕಡೆ. ಪಾಠ ನಡೆಯುವ ರೀತಿಯಲ್ಲಿ, ಹತ್ತನೇ ತರಗತಿಯ ನಂತರದ ಎರಡು ವರ್ಷಗಳಲ್ಲಿ, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಮಕ್ಕಳಿಗೆ ಪೌರರಾಗಿ ನಡೆದುಕೊಳ್ಳುವ ಅವಕಾಶ ಸಿಗದಿರುವುದರಲ್ಲಿ.

ಎರಡನೆಯದನ್ನೇ ಮೊದಲು ನೋಡಬಹುದು. ಸಂವಿಧಾನದ 61ನೇ ತಿದ್ದುಪಡಿಯ ಮೂಲಕ ಭಾರತದಲ್ಲಿ ಮತದಾನದ ವಯಸ್ಸು 1989ರಲ್ಲಿ 21ರಿಂದ 18ಕ್ಕೆ ಇಳಿಯಿತು. ಎಸ್ಸೆಸ್ಸೆಲ್ಸಿ ಮುಗಿಸುವ ಹುಡುಗನಿಗೆ ಹದಿನಾರರ ಆಸುಪಾಸು. ಅವನು ಪಿಯುಸಿಯಲ್ಲಿ ವಿಜ್ಞಾನ ಆರಿಸಿಕೊಂಡರೆ ಎರಡು ಭಾಷೆಗಳ ಜೊತೆ ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ, ಜೀವವಿಜ್ಞಾನ. ಬೆಳಗ್ಗೆ ಕಾಲೇಜು, ಸಂಜೆ ಸಿಇಟಿ ಅಥವಾ ನೀಟ್ ಕೋಚಿಂಗ್. ಸರ್ಕಾರ, ಕಾನೂನು, ಹಕ್ಕು ಎಂಬ ಪದಗಳು ಆ ಎರಡು ವರ್ಷ ಅವನ ಪಠ್ಯದೊಳಗೆ ಸುಳಿಯುವುದಿಲ್ಲ. ಆಮೇಲೆ ಎಂಜಿನಿಯರಿಂಗ್ ಸೇರಿದರೆ ಅಲ್ಲಿ ಭಾರತದ ಸಂವಿಧಾನ ಎಂಬ ಕಡ್ಡಾಯ ಕೋರ್ಸು ಎದುರಾಗುತ್ತದೆ. ಅಷ್ಟರಲ್ಲಿ ಅವನು ಒಂದು ಚುನಾವಣೆಯಲ್ಲಿ ಮತ ಹಾಕಿಯೂ ಆಗಿರಬಹುದು. ಮೊದಲ ಮತಕ್ಕೆ ಸಿದ್ಧವಾಗಬೇಕಾದ ವಯಸ್ಸಿನಲ್ಲೇ ಶಿಕ್ಷಣ ಮೌನವಾಗಿರುತ್ತದೆ. 17 ತುಂಬಿದವರು ಮತದಾರರ ಪಟ್ಟಿಗೆ ಮುಂಗಡವಾಗಿ ಅರ್ಜಿ ಹಾಕಬಹುದು ಎಂದು ಚುನಾವಣಾ ಆಯೋಗ 2022ರಲ್ಲೇ ಪ್ರಕಟಿಸಿದೆ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಕಿನಂದು, ಹೀಗೆ ವರ್ಷಕ್ಕೆ ನಾಲ್ಕು ಬಾರಿ 18 ತುಂಬಿದವರ ಹೆಸರು ಪಟ್ಟಿಗೆ ಸೇರುತ್ತದೆ. ಆ ಅರ್ಜಿಯ ನಮೂನೆಯಾದ ಫಾರಂ 6 ತುಂಬುವುದಕ್ಕೆ ದ್ವಿತೀಯ ಪಿಯುಸಿ ತರಗತಿಗಿಂತ ಸೂಕ್ತವಾದ ಜಾಗ ಇನ್ನೊಂದಿಲ್ಲ. ಮತದಾರ ಸಾಕ್ಷರತಾ ಸಂಘಗಳನ್ನು ಆಯೋಗ 2018ರಿಂದ ಶಾಲಾ ಕಾಲೇಜುಗಳಲ್ಲಿ ಕಟ್ಟಿಸುತ್ತಿದೆ, ನಿಜ. ಆದರೆ ವೇಳಾಪಟ್ಟಿಯಲ್ಲಿ ಪಿರಿಯಡ್ ಇಲ್ಲದ ಸಂಘಕ್ಕೆ ರಾಷ್ಟ್ರೀಯ ಮತದಾರರ ದಿನವಾದ ಜನವರಿ 25ರಂದು ಪ್ರತಿಜ್ಞೆ ಬೋಧಿಸುವುದಷ್ಟೇ ಕೆಲಸವಾಗಿ ಉಳಿಯುವ ಅಪಾಯವಿದೆ.

ಇನ್ನು ಮೊದಲನೆಯ ಕೊರತೆ. ಪಾಠ ಬಾಯಿಪಾಠವಾಗಿಯೇ ಉಳಿಯಲು ಒಂದು ಹಳೆಯ ಕಾರಣವಿದೆ. ಪೌರನೀತಿ ಈ ದೇಶದ ಶಾಲೆಗೆ ಕಾಲಿಟ್ಟದ್ದು ಬ್ರಿಟಿಷರ ಆಳ್ವಿಕೆಯಲ್ಲಿ. ಜನರಲ್ಲಿ ಆಳರಸರ ವಿರುದ್ಧ ಅಸಮಾಧಾನ ಹೆಚ್ಚುತ್ತಿದ್ದ ಕಾಲದಲ್ಲಿ ವಿಧೇಯ ಪ್ರಜೆಗಳನ್ನು ತಯಾರಿಸುವುದು ಅದರ ಉದ್ದೇಶವಾಗಿತ್ತು. ಶುಚಿತ್ವ, ಸಮಯಪಾಲನೆ, ಹಿರಿಯರಿಗೆ ಗೌರವ, ಸರ್ಕಾರಕ್ಕೆ ನಿಷ್ಠೆ: ಇಂಥ ಸದ್ಗುಣಗಳ ಪಟ್ಟಿಯೇ ಪಾಠವಾಯಿತು. ಸ್ವಾತಂತ್ರ್ಯ ಬಂದ ಮೇಲೆ ಸಂವಿಧಾನ ಸೇರಿತು, ಬೋಧನೆಯ ಧಾಟಿ ಮಾತ್ರ ಹಾಗೇ ಉಳಿಯಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಈ ವಸಾಹತುಶಾಹಿ ಹಿನ್ನೆಲೆಯನ್ನು ನೇರವಾಗಿ ಎತ್ತಿ ತೋರಿಸಿತು. ಆಮೇಲೆ ಎನ್‌ಸಿಇಆರ್‌ಟಿ ಆರರಿಂದ ಎಂಟನೇ ತರಗತಿಗಳಿಗೆ 'ಸಾಮಾಜಿಕ ಮತ್ತು ರಾಜಕೀಯ ಜೀವನ' ಎಂಬ ಹೊಸ ಪುಸ್ತಕಗಳನ್ನು ತಂದಿತು. ಸಂಸತ್ತಿನ ಸದಸ್ಯರ ಸಂಖ್ಯೆ ಹೇಳುವುದರ ಬದಲು ಒಂದು ಊರಿನ ಜಮೀನಿನ ತಕರಾರು ಹೇಗೆ ಪೊಲೀಸ್ ಠಾಣೆಗೂ ಕಂದಾಯ ಕಚೇರಿಗೂ ಹೋಗುತ್ತದೆ ಎಂದು ಕಥೆಯ ಮೂಲಕ ತೋರಿಸುವ ಪ್ರಯತ್ನ ಅಲ್ಲಿತ್ತು.

ಕನ್ನಡದಲ್ಲಿ ಈ ಕಾಳಜಿಗೆ ಇನ್ನೂ ಹಳೆಯ ಬೇರಿದೆ. ಡಿ.ವಿ. ಗುಂಡಪ್ಪನವರನ್ನು ಇಂದಿನವರು ಕಗ್ಗದ ಕವಿಯೆಂದು ನೆನೆಯುತ್ತಾರೆ. ಅವರು ಪತ್ರಕರ್ತರಾಗಿ, ಲೇಖಕರಾಗಿ ದಶಕಗಳ ಕಾಲ ಮಾಡಿದ ಕೆಲಸದ ದೊಡ್ಡ ಭಾಗ ಜನಸಾಮಾನ್ಯರಿಗೆ ರಾಜ್ಯಶಾಸ್ತ್ರ ತಿಳಿಸುವುದೇ ಆಗಿತ್ತು. ಸ್ವಾತಂತ್ರ್ಯಕ್ಕೆ ಎರಡು ವರ್ಷ ಮೊದಲೇ, 1945ರಲ್ಲಿ, ಅವರು ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದರು. ಸರ್ಕಾರ ತಮ್ಮದಾಗುವ ಮುನ್ನ ಜನ ಸರ್ಕಾರದ ಬಗ್ಗೆ ಚರ್ಚಿಸುವುದನ್ನು ಕಲಿಯಬೇಕು ಎಂಬ ಆಲೋಚನೆಯ ಫಲ ಅದು.

ಚರ್ಚೆ ಎಂಬುದು ಇಲ್ಲಿ ಅಲಂಕಾರದ ಮಾತಲ್ಲ. ಪೌರಶಿಕ್ಷಣದ ಬಗ್ಗೆ ಅಂತರರಾಷ್ಟ್ರೀಯ ಮಟ್ಟದಲ್ಲಿ ನಡೆದ, 2016ರಲ್ಲಿ 24 ದೇಶಗಳು ಭಾಗವಹಿಸಿದ್ದ ಅಧ್ಯಯನವೊಂದು ಎಂಟನೇ ತರಗತಿ ವಯಸ್ಸಿನ ಮಕ್ಕಳ ತಿಳಿವಳಿಕೆಯನ್ನು ಅಳೆದಿತ್ತು. ತರಗತಿಯಲ್ಲಿ ಮುಕ್ತವಾಗಿ ಮಾತನಾಡಲು, ಭಿನ್ನಾಭಿಪ್ರಾಯ ಹೇಳಲು ಅವಕಾಶವಿರುವ ಕಡೆ ಮಕ್ಕಳ ತಿಳಿವಳಿಕೆಯೂ ಹೆಚ್ಚಿರುವುದು ಅದರಲ್ಲಿ ಕಂಡುಬಂತು. ನಮ್ಮ ತರಗತಿಗಳಲ್ಲಿ ಸಮಾಜ ವಿಜ್ಞಾನದ ಪಿರಿಯಡ್ ಎಂದರೆ ಇಂದಿಗೂ ಹೆಚ್ಚಿನ ಕಡೆ ನೋಟ್ಸ್ ಬರೆಸುವ ಪಿರಿಯಡ್.

ಹಾಗೆಂದು ಶಾಲೆಗಳಲ್ಲಿ ಪ್ರಯೋಗ ನಡೆದೇ ಇಲ್ಲ ಎನ್ನಲಾಗದು. ಶಾಲಾ ಸಂಸತ್ತು ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಮನೆಮಾತು. ಜೂನ್, ಜುಲೈ ಬಂತೆಂದರೆ ಚುನಾವಣೆಯ ಅಧಿಸೂಚನೆ ಹೊರಡುತ್ತದೆ. ನಾಮಪತ್ರ ಸಲ್ಲಿಕೆ, ಪರಿಶೀಲನೆ, ಹಿಂಪಡೆಯುವ ದಿನ, ಪ್ರಚಾರ. ಮತದಾನದ ದಿನ ಮೊಬೈಲ್‌ನ ಆ್ಯಪ್‌ ಮತಯಂತ್ರವಾಗುತ್ತದೆ, ಬೆರಳಿಗೆ ಸ್ಕೆಚ್ ಪೆನ್ನಿನ ಶಾಯಿ ಬೀಳುತ್ತದೆ, ಏಜೆಂಟರು ಗಂಭೀರವಾಗಿ ಪಟ್ಟಿ ಹಿಡಿದು ಕೂರುತ್ತಾರೆ. ಮುಖ್ಯಮಂತ್ರಿ, ಶಿಕ್ಷಣ ಮಂತ್ರಿ, ಆಹಾರ ಮಂತ್ರಿ, ಸ್ವಚ್ಛತಾ ಮಂತ್ರಿ, ವಿರೋಧ ಪಕ್ಷದ ನಾಯಕಿ ಪ್ರಮಾಣವಚನ ಸ್ವೀಕರಿಸುತ್ತಾರೆ. ಮಕ್ಕಳ ಉತ್ಸಾಹ ನೋಡುವಂತಿರುತ್ತದೆ. ಸಮಸ್ಯೆ ಶುರುವಾಗುವುದು ಮಾರನೇ ದಿನ. ಆಹಾರ ಮಂತ್ರಿಗೆ ಬಿಸಿಯೂಟದ ತಟ್ಟೆ ಸಾಲಾಗಿ ಇಡಿಸುವ ಕೆಲಸ, ಸ್ವಚ್ಛತಾ ಮಂತ್ರಿಗೆ ಅಂಗಳ ಗುಡಿಸುವವರ ಸರದಿ ನೋಡಿಕೊಳ್ಳುವ ಕೆಲಸ, ಕ್ರೀಡಾ ಮಂತ್ರಿಗೆ ಚೆಂಡು ಎಣಿಸಿ ಒಳಗಿಡುವ ಕೆಲಸ. ಬೇಳೆ ಎಷ್ಟು ಬಂತು, ಎಷ್ಟು ಖರ್ಚಾಯಿತು ಎಂದು ದಾಸ್ತಾನು ವಹಿ ನೋಡುವ ಅಧಿಕಾರ ಆಹಾರ ಮಂತ್ರಿಗಿಲ್ಲ. ಶೌಚಾಲಯಕ್ಕೆ ನೀರು ಬಾರದ ವಿಷಯವನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಗೆ ಒಯ್ಯುವ ಹಾದಿ ಸ್ವಚ್ಛತಾ ಮಂತ್ರಿಗೆ ತಿಳಿದಿಲ್ಲ. ಚುನಾವಣೆ ಮುಗಿದ ಮೇಲೆ ಅಧಿಕಾರ ಏನು ಮಾಡುತ್ತದೆ, ಅದನ್ನು ಪ್ರಶ್ನಿಸುವುದು ಹೇಗೆ ಎಂಬ ಅರ್ಧ ಪಾಠವೇ ತಪ್ಪಿಹೋಗುತ್ತದೆ.

ಆ ಅರ್ಧವನ್ನು ಮಕ್ಕಳು ಎಷ್ಟು ಚೆನ್ನಾಗಿ ಕಲಿಯಬಲ್ಲರು ಎಂಬುದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಕುಂದಾಪುರ ಸೀಮೆಯಲ್ಲೇ ಇದೆ.

1990ರ ಹೊತ್ತಿಗೆ ಕರ್ನಾಟಕದಲ್ಲಿ ದುಡಿಯುವ ಮಕ್ಕಳು ತಮ್ಮದೇ ಭೀಮ ಸಂಘವನ್ನು ಕಟ್ಟಿಕೊಂಡಿದ್ದರು. ಅವರ ಜೊತೆ ಕೆಲಸ ಮಾಡುತ್ತಿದ್ದ 'ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್' (ಸಿಡಬ್ಲ್ಯುಸಿ) ಸಂಸ್ಥೆಯ ನೆರವಿನಿಂದ 1995ರಲ್ಲಿ ಕುಂದಾಪುರ ತಾಲ್ಲೂಕಿನಲ್ಲಿ ಮಕ್ಕಳ ಪಂಚಾಯಿತಿಗಳು ಶುರುವಾದವು. ಮಕ್ಕಳೇ ಗುಪ್ತ ಮತದಾನದಲ್ಲಿ ಸದಸ್ಯರನ್ನು ಆರಿಸಿದರು. ಶಾಲೆಗೆ ಹೋಗುವವರಷ್ಟೇ ಅಲ್ಲ, ದುಡಿಯುವ ಮಕ್ಕಳಿಗೂ ಅಲ್ಲಿ ಜಾಗವಿತ್ತು. ತಮ್ಮ ಮಾತನ್ನು ಕಚೇರಿಗಳಿಗೆ ಮುಟ್ಟಿಸಲು ದೊಡ್ಡವರಲ್ಲಿ ಒಬ್ಬರನ್ನು 'ಮಕ್ಕಳ ಮಿತ್ರ' ಎಂದು ಮಕ್ಕಳೇ ಆರಿಸಿಕೊಳ್ಳುವ ಕ್ರಮವೂ ಬಂತು. ಮಕ್ಕಳು ತಮ್ಮ ಊರನ್ನು ತಾವೇ ಸಮೀಕ್ಷೆ ಮಾಡಿದರು, ನಕ್ಷೆ ಬರೆದರು. ದೊಡ್ಡವರ ಬೇಡಿಕೆ ಪಟ್ಟಿಯಲ್ಲಿ ಇರದ, ಇದ್ದರೂ ಕೊನೆಯಲ್ಲಿರುತ್ತಿದ್ದ ಸಂಗತಿಗಳು ಆ ನಕ್ಷೆಯಲ್ಲಿ ಎದ್ದು ಕಂಡವು. ಅದರಲ್ಲಿ ಒಂದು ಕಾಲುಸಂಕ.

ಕರಾವಳಿ ಮತ್ತು ಮಲೆನಾಡಿನ ಅಂಚಿನ ಹಳ್ಳಿಗಳಲ್ಲಿ ಹಳ್ಳ ತೊರೆಗಳಿಗೆ ಅಡ್ಡಲಾಗಿ ಹಾಕಿದ ಮರದ ದಿಮ್ಮಿ ಅಥವಾ ಅಡಿಕೆ ಮರದ ಪುಟ್ಟ ಸೇತುವೆಯೇ ಕಾಲುಸಂಕ. ಬೇಸಿಗೆಯಲ್ಲಿ ಅದರ ಅಗತ್ಯವೇ ಬೀಳದು. ಜೂನ್ ಬಂತೆಂದರೆ ಕೆಂಪು ನೀರು ಸಂಕದ ಮಟ್ಟಕ್ಕೆ ಏರುತ್ತದೆ, ಪಾಚಿ ಕಟ್ಟಿ ಜಾರುತ್ತದೆ. ಒಂದು ಕೈಯಲ್ಲಿ ಕೊಡೆ, ಬೆನ್ನಿಗೆ ಬ್ಯಾಗು, ಇನ್ನೊಂದು ಕೈಯಲ್ಲಿ ತಮ್ಮನ ಕೈ ಹಿಡಿದು ಅದನ್ನು ದಿನಕ್ಕೆರಡು ಬಾರಿ ದಾಟುವವರು ಶಾಲೆಯ ಮಕ್ಕಳು. ವಾಹನ ಓಡಿಸುವ ದೊಡ್ಡವರಿಗೆ ಬೇಕಾದದ್ದು ರಸ್ತೆ, ಮಕ್ಕಳಿಗೆ ಬೇಕಾದದ್ದು ಕೈಹಿಡಿ ಇರುವ ಸಂಕ. ಕುಂದಾಪುರದ ಮಕ್ಕಳ ಪಂಚಾಯಿತಿಗಳು ಈ ಬೇಡಿಕೆಯನ್ನು ಮತ್ತೆ ಮತ್ತೆ ಮುಂದಿಟ್ಟವು, ಹಲವು ಕಡೆ ಸಂಕಗಳನ್ನು ಮಾಡಿಸಿಕೊಂಡವು. ಆದರೂ ಕೆಲಸ ಮುಗಿದಿಲ್ಲ. 2022ರ ಮಳೆಗಾಲದಲ್ಲಿ ಪಕ್ಕದ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಪುಟ್ಟ ಬಾಲಕಿಯೊಬ್ಬಳು ಕಾಲುಸಂಕದಿಂದ ಬಿದ್ದು ಕೊಚ್ಚಿಹೋದಳು. ಯಾವ ಸಂಕ ಯಾವ ತಿಂಗಳಲ್ಲಿ ಅಪಾಯ ಎಂಬುದು ಅದನ್ನು ದಾಟುವ ಮಕ್ಕಳಿಗೆ ಮೊದಲೇ ಗೊತ್ತಿರುತ್ತದೆ. ಅವರು ಹೇಳಿದ್ದು ಪಂಚಾಯಿತಿಯ ಕ್ರಿಯಾ ಯೋಜನೆಗೆ ಸೇರುವ ದಾರಿ ಇರಬೇಕು.

ಆ ದಾರಿ ಕಾಗದದ ಮೇಲೆ ಈಗಾಗಲೇ ಇದೆ. ಸಂವಿಧಾನದ ಪ್ರಕಾರ ಗ್ರಾಮ ಸಭೆ ಎಂದರೆ ಮತದಾರರ ಪಟ್ಟಿಯಲ್ಲಿ ಹೆಸರಿರುವವರ ಸಭೆ. ಮಕ್ಕಳಿಗೆ ಅಲ್ಲಿ ಸ್ಥಾನವಿಲ್ಲ. ಇನ್ನೊಂದೆಡೆ, ತಮಗೆ ಸಂಬಂಧಿಸಿದ ವಿಷಯಗಳಲ್ಲಿ ಮಕ್ಕಳ ಅಭಿಪ್ರಾಯ ಕೇಳಬೇಕು ಎನ್ನುವ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲೇ ಒಪ್ಪಿದೆ. ಈ ಎರಡರ ನಡುವಿನ ಕಂದಕಕ್ಕೆ ಕರ್ನಾಟಕ ಕಂಡುಕೊಂಡ ಉತ್ತರ ಮಕ್ಕಳ ಗ್ರಾಮ ಸಭೆ. ಪ್ರತಿ ಗ್ರಾಮ ಪಂಚಾಯಿತಿಯೂ ವರ್ಷಕ್ಕೊಮ್ಮೆ ಅದನ್ನು ನಡೆಸಬೇಕೆಂಬ ಸರ್ಕಾರದ ಆದೇಶ 2006ರಿಂದ ಇದೆ. ರಾಜ್ಯದಲ್ಲಿ ಸುಮಾರು ಆರು ಸಾವಿರ ಗ್ರಾಮ ಪಂಚಾಯಿತಿಗಳಿವೆ. ಅಷ್ಟೂ ಕಡೆ ಮಕ್ಕಳು ತಮ್ಮ ಸ್ಥಳೀಯ ಸರ್ಕಾರವನ್ನು ಎದುರಾಬದುರು ಕೂತು ಪ್ರಶ್ನಿಸುವ ವ್ಯವಸ್ಥೆ ಹೊಂದಿರುವುದು ಹೆಮ್ಮೆಪಡಬೇಕಾದ ಸಂಗತಿ.

ಸಭೆ ಸರಿಯಾಗಿ ನಡೆದಾಗ ಹೇಗಿರುತ್ತದೆ? ಸಾಮಾನ್ಯವಾಗಿ ನವೆಂಬರ್‌ನ ಮಕ್ಕಳ ದಿನಾಚರಣೆಯ ನಂತರದ ವಾರಗಳಲ್ಲಿ ತಯಾರಿ. ಶಾಲೆಗಳಲ್ಲಿ ಪೆಟ್ಟಿಗೆ ಇಟ್ಟು ಮಕ್ಕಳಿಂದ ಚೀಟಿ ಬರೆಸುತ್ತಾರೆ. ಎದ್ದು ನಿಂತು ಹೇಳಲು ಹಿಂಜರಿಯುವ ಮಗುವೂ ಚೀಟಿಯಲ್ಲಿ ಬರೆಯುತ್ತದೆ. ಸಭೆಯಲ್ಲಿ ವೇದಿಕೆಯ ಮೇಲೆ ಮಕ್ಕಳ ಪ್ರತಿನಿಧಿಗಳು, ಎದುರಿಗೆ ಪಂಚಾಯಿತಿ ಅಧ್ಯಕ್ಷರು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ), ಆರೋಗ್ಯ ಸಹಾಯಕಿ, ಅಂಗನವಾಡಿ ಕಾರ್ಯಕರ್ತೆ, ಶಾಲೆಯ ಮುಖ್ಯೋಪಾಧ್ಯಾಯರು, ಬೀಟ್ ಪೊಲೀಸ್. ಸಂಜೆ ಐದರ ಬಸ್ಸು ನಿಲ್ಲಿಸದೆ ಹೋಗುತ್ತದೆ, ಹುಡುಗಿಯರ ಶೌಚಾಲಯಕ್ಕೆ ಬಾಗಿಲಿನ ಚಿಲಕವಿಲ್ಲ, ಶಾಲೆಯ ಕಾಂಪೌಂಡಿನ ಪಕ್ಕ ಸಾರಾಯಿ ಮಾರುತ್ತಾರೆ, ಆಟದ ಮೈದಾನದಲ್ಲಿ ಕಣ ಮಾಡುತ್ತಾರೆ, ಗ್ರಂಥಾಲಯಕ್ಕೆ ಸದಾ ಬೀಗ: ಪ್ರಶ್ನೆಗಳು ಈ ಜಾತಿಯವು. ಪಿಡಿಒ ಉತ್ತರ ಕೊಡಬೇಕು, ಅದು ನಡಾವಳಿ ಪುಸ್ತಕದಲ್ಲಿ ದಾಖಲಾಗಬೇಕು, ಪಂಚಾಯಿತಿಯ ಸಾಮಾನ್ಯ ಸಭೆಯಲ್ಲಿ ಠರಾವಾಗಬೇಕು. ಬಸ್ಸಿನ ವಿಷಯ ಪಂಚಾಯಿತಿಯ ಕೈಲಿಲ್ಲ, ಸಾರಿಗೆ ಸಂಸ್ಥೆಯ ಡಿಪೊಗೆ ಪತ್ರ ಬರೆಯಬೇಕು ಎಂದು ಪಿಡಿಒ ಹೇಳಿದಾಗ ಮಗುವಿಗೆ ಯಾವ ಕೆಲಸ ಯಾವ ಕಚೇರಿಯದು ಎಂಬುದು ತಿಳಿಯುತ್ತದೆ. ಅನುದಾನ ಈ ವರ್ಷ ಮುಗಿದಿದೆ ಎಂದಾಗ ಬಜೆಟ್ ಎಂದರೇನು ಎಂಬುದು ಅರ್ಥವಾಗುತ್ತದೆ. ಅಧಿಕಾರ ವಿಕೇಂದ್ರೀಕರಣದ ಪಾಠವನ್ನು ಹತ್ತು ಸಲ ಓದಿದರೂ ಇಷ್ಟು ನಾಟುವುದಿಲ್ಲ.

ಸರಿಯಾಗಿ ನಡೆಯದಾಗಿನ ಚಿತ್ರವೂ ರಾಜ್ಯಕ್ಕೆ ಪರಿಚಿತವೇ. ಸ್ವಾಗತ ಗೀತೆ, ಹಾರ ತುರಾಯಿ, ಅತಿಥಿಗಳ ಭಾಷಣ, ಮಕ್ಕಳಿಗೆ ಮೊಬೈಲ್ ಬಿಡಿ ಎಂಬ ಉಪದೇಶ. ಕೊನೆಗೆ ಉಳಿದ ಕಾಲು ಗಂಟೆಯಲ್ಲಿ ಇಬ್ಬರು ಮಕ್ಕಳ ಪ್ರಶ್ನೆ. ಫೋಟೊ ತೆಗೆದು ಮೇಲಿನ ಕಚೇರಿಗೆ ಕಳುಹಿಸಿದರೆ ಗುರಿ ಸಾಧನೆ. ಕಳೆದ ವರ್ಷ ಕೇಳಿದ ಪ್ರಶ್ನೆಯನ್ನೇ ಈ ವರ್ಷ ಬೇರೊಂದು ಮಗು ಕೇಳುತ್ತದೆ. ಕೇಳಿದರೂ ಏನೂ ಆಗುವುದಿಲ್ಲ ಎಂದು ಹದಿಮೂರನೇ ವಯಸ್ಸಿನಲ್ಲೇ ಕಲಿಸಿಬಿಡುವ ಇಂಥ ಸಭೆ ನಡೆಸದಿರುವುದಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ.

ಇಲ್ಲಿ ಶಿಕ್ಷಣ ಇಲಾಖೆಯ ಪಾತ್ರ ಮುಖ್ಯ. ಮಕ್ಕಳ ಗ್ರಾಮ ಸಭೆ ಗ್ರಾಮೀಣಾಭಿವೃದ್ಧಿ ಇಲಾಖೆಯ ಕಾರ್ಯಕ್ರಮ, ಸ್ಥಳೀಯ ಸರ್ಕಾರದ ಪಾಠ ಶಿಕ್ಷಣ ಇಲಾಖೆಯದು. ಎರಡೂ ಒಂದೇ ಊರಿನಲ್ಲಿ, ಒಂದೇ ಮಗುವಿನ ಬದುಕಿನಲ್ಲಿ ನಡೆದರೂ ಒಂದನ್ನೊಂದು ಮುಟ್ಟುವುದಿಲ್ಲ. ಎಸ್ಸೆಸ್ಸೆಲ್ಸಿ ಸಮಾಜ ವಿಜ್ಞಾನದಲ್ಲಿ 80 ಅಂಕ ಲಿಖಿತ ಪರೀಕ್ಷೆಗೆ, 20 ಅಂಕ ಆಂತರಿಕ ಮೌಲ್ಯಮಾಪನಕ್ಕೆ. ಆ 20ರಲ್ಲಿ ಒಂದು ಪಾಲನ್ನು ಊರಿನ ಒಂದು ಸಮಸ್ಯೆಯನ್ನು ಹಿಡಿದು, ಅದು ಯಾವ ಕಚೇರಿಯ ವ್ಯಾಪ್ತಿಗೆ ಬರುತ್ತದೆ ಎಂದು ಹುಡುಕಿ, ಅರ್ಜಿ ಬರೆದು, ಬಂದ ಉತ್ತರವನ್ನು ತರಗತಿಯಲ್ಲಿ ಮಂಡಿಸುವ ಕೆಲಸಕ್ಕೆ ಮೀಸಲಿಟ್ಟರೆ ಹೊಸ ಪುಸ್ತಕವೂ ಬೇಡ, ಹೊಸ ಪರೀಕ್ಷೆಯೂ ಬೇಡ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 2018ರಲ್ಲಿ ತಂದ ಕಾನೂನು ಇದನ್ನೇ ಮಾಡಿದೆ. ಎಂಟನೇ ತರಗತಿಯಲ್ಲಿ ಒಮ್ಮೆ, ಪ್ರೌಢಶಾಲಾ ಹಂತದಲ್ಲಿ ಒಮ್ಮೆ ವಿದ್ಯಾರ್ಥಿಗಳೇ ಮುನ್ನಡೆಸುವ, ಪಕ್ಷ ರಾಜಕೀಯದಿಂದ ಹೊರತಾದ ಪೌರ ಯೋಜನೆಗೆ ಸರ್ಕಾರಿ ಶಾಲೆಗಳು ಅವಕಾಶ ಕೊಡಲೇಬೇಕು ಎಂದು ಅದು ಹೇಳುತ್ತದೆ. ಇಂಗ್ಲೆಂಡ್ 2002ರಿಂದ ಪೌರತ್ವವನ್ನು ಪ್ರೌಢಶಾಲೆಯ ಕಡ್ಡಾಯ ವಿಷಯ ಮಾಡಿತು. ನೆರೆಯ ಕೇರಳದಲ್ಲಿ ಕೊಲ್ಲಂ ಜಿಲ್ಲಾ ಪಂಚಾಯಿತಿ ಹತ್ತು ವರ್ಷ ಮೇಲ್ಪಟ್ಟವರಿಗೆಲ್ಲ ಸಂವಿಧಾನ ತಿಳಿಸುವ ಆಂದೋಲನ ನಡೆಸಿತು. 'ಸೆನೆಟರ್'ಗಳೆಂಬ ತರಬೇತಾದ ಸ್ವಯಂಸೇವಕರು ಮನೆ, ಶಾಲೆ, ಕೆಲಸದ ಜಾಗಗಳಿಗೆ ಹೋಗಿ ಪಾಠ ಹೇಳಿದರು. 2023ರ ಜನವರಿಯಲ್ಲಿ ಅದನ್ನು ದೇಶದ ಮೊದಲ ಸಂವಿಧಾನ ಸಾಕ್ಷರ ಜಿಲ್ಲೆ ಎಂದು ಘೋಷಿಸಲಾಯಿತು.

ಶಾಲೆಯೊಳಗೆ ಇನ್ನೂ ಒಂದು ಸಂಪತ್ತು ಬಳಕೆಯಾಗದೆ ಬಿದ್ದಿದೆ. ಈ ನಾಡಿನ ಶಿಕ್ಷಕರಷ್ಟು ಪ್ರಜಾಪ್ರಭುತ್ವದ ಯಂತ್ರವನ್ನು ಹತ್ತಿರದಿಂದ ಕಂಡವರು ಕಡಿಮೆ. ಮತಗಟ್ಟೆ ಮಟ್ಟದ ಅಧಿಕಾರಿಯಾಗಿ (ಬಿಎಲ್‌ಒ) ಮನೆ ಮನೆ ಸುತ್ತಿ ಮತದಾರರ ಪಟ್ಟಿ ಪರಿಷ್ಕರಿಸುವವರಲ್ಲಿ ಬಹಳ ಮಂದಿ ಶಿಕ್ಷಕರು. ಜನಗಣತಿ, ಸಮೀಕ್ಷೆಗಳಿಗೂ ಅವರೇ ಬೇಕು. ಚುನಾವಣೆಯ ಹಿಂದಿನ ದಿನ ಮಸ್ಟರಿಂಗ್ ಕೇಂದ್ರದಲ್ಲಿ ಮತಯಂತ್ರ ಪಡೆದು, ಬಸ್ಸಿನಲ್ಲಿ ಹಳ್ಳಿಗೆ ಹೋಗಿ, ಯಾವುದೋ ಶಾಲೆಯ ಕೊಠಡಿಯಲ್ಲಿ ರಾತ್ರಿ ಕಳೆದು, ನಸುಕಿನಲ್ಲೇ ಅಣಕು ಮತದಾನ ನಡೆಸುವವರು ಅವರು. ಮತದಾನ ಶುರುವಾಗುವ ಒಂದೂವರೆ ಗಂಟೆ ಮೊದಲು ಏಜೆಂಟರ ಎದುರು ಕನಿಷ್ಠ 50 ಮತ ಹಾಕಿಸಿ, ಎಣಿಸಿ, ಅಳಿಸಿ, ಯಂತ್ರಕ್ಕೆ ಸೀಲ್ ಹಾಕಬೇಕು. ವಿವಿಪ್ಯಾಟ್‌ನ ಗಾಜಿನ ಹಿಂದೆ ಚೀಟಿ ಏಳು ಸೆಕೆಂಡು ಕಾಣಬೇಕು. ಸಂಜೆ ಒಟ್ಟು ಎಷ್ಟು ಮತ ಬಿತ್ತು ಎಂಬ ಲೆಕ್ಕವನ್ನು 17ಸಿ ನಮೂನೆಯಲ್ಲಿ ಬರೆದು ಏಜೆಂಟರಿಗೆ ಪ್ರತಿ ಕೊಡಬೇಕು. ಈ ಒಂದೊಂದು ಹೆಜ್ಜೆಯೂ ಮೋಸ ತಡೆಯಲು ಕಟ್ಟಿದ ಕಟ್ಟೆಚ್ಚರ. ಮರುದಿನ ಅದೇ ಶಿಕ್ಷಕರು ತರಗತಿಗೆ ಮರಳುತ್ತಾರೆ. ಗೋಡೆಯ ಮೇಲೆ ಮತಗಟ್ಟೆ ಸಂಖ್ಯೆ ಇನ್ನೂ ಇರುತ್ತದೆ. ಹಿಂದಿನ ದಿನ ತಾವು ಮಾಡಿದ್ದನ್ನು, ಯಾಕೆ ಮಾಡಿದೆವೆಂದು ಮಕ್ಕಳಿಗೆ ಹೇಳಿದರೆ ಚುನಾವಣಾ ವ್ಯವಸ್ಥೆಯ ಪಾಠ ಬಹುಪಾಲು ಮುಗಿದಂತೆ. ಹಾಗೆ ಹೇಳುವುದು ಪಾಠವೇ ಎಂದು ಇಲಾಖೆ ಒಪ್ಪಬೇಕಷ್ಟೆ.

ಶಿಕ್ಷಕರು ಹಿಂಜರಿಯುವುದಕ್ಕೆ ಕಾರಣವಿದೆ. ಶಾಲೆಯಲ್ಲಿ ರಾಜಕೀಯ ಬೇಡ ಎಂಬ ಭಯ ಎಲ್ಲೆಡೆ ಇದೆ, ಪಠ್ಯಪುಸ್ತಕಗಳ ಜಗಳ ಅದನ್ನು ಹೆಚ್ಚಿಸಿದೆ. ಕರ್ನಾಟಕದ ಪಠ್ಯ 2017ರಲ್ಲಿ ಬರಗೂರು ರಾಮಚಂದ್ರಪ್ಪ ಸಮಿತಿಯಿಂದ ಪರಿಷ್ಕರಣೆಯಾಯಿತು, 2022ರಲ್ಲಿ ರೋಹಿತ್ ಚಕ್ರತೀರ್ಥ ಸಮಿತಿಯಿಂದ ಮತ್ತೆ ಬದಲಾಯಿತು, 2023ರಲ್ಲಿ ಸರ್ಕಾರ ಬದಲಾದಾಗ ಮತ್ತೊಮ್ಮೆ ತಿದ್ದುಪಡಿ ಕಂಡಿತು. ಎನ್‌ಸಿಇಆರ್‌ಟಿ 2022ರಲ್ಲಿ ಪಠ್ಯಭಾರ ಇಳಿಸುವ ಹೆಸರಿನಲ್ಲಿ ಹತ್ತನೇ ತರಗತಿಯ ಪುಸ್ತಕದಿಂದ ಪ್ರಜಾಪ್ರಭುತ್ವ ಮತ್ತು ವೈವಿಧ್ಯ, ಜನಹೋರಾಟಗಳು, ಪ್ರಜಾಪ್ರಭುತ್ವದ ಸವಾಲುಗಳು ಎಂಬ ಅಧ್ಯಾಯಗಳನ್ನು ತೆಗೆಯಿತು. ಯಾರು ಅಧಿಕಾರದಲ್ಲಿದ್ದರೂ ಪೌರಶಿಕ್ಷಣದ ಹೆಸರಿನಲ್ಲಿ ತಮ್ಮ ಮಾತನ್ನೇ ಮಕ್ಕಳ ತಲೆಗೆ ತುಂಬಬಹುದು ಎಂಬ ಆತಂಕ ಪೊಳ್ಳಲ್ಲ.

ಇಂಥದೇ ಜಗಳದಿಂದ ಜರ್ಮನಿ ಒಂದು ದಾರಿ ಕಂಡುಕೊಂಡಿತು. ನಾಜಿ ಆಡಳಿತದಲ್ಲಿ ಶಾಲೆಯೇ ಪ್ರಚಾರದ ಅಸ್ತ್ರವಾಗಿದ್ದ ದೇಶ ಅದು. 1970ರ ದಶಕದಲ್ಲಿ ಎಡ, ಬಲ ಪಂಥಗಳ ಶಿಕ್ಷಣ ತಜ್ಞರು ಪಠ್ಯದ ಬಗ್ಗೆ ಕಿತ್ತಾಡಿಕೊಂಡು, 1976ರಲ್ಲಿ ಬಾಯ್ಟೆಲ್ಸ್‌ಬಾಖ್ ಎಂಬ ಊರಿನಲ್ಲಿ ಸೇರಿದರು. ಆ ಸಭೆಯಿಂದ ಮೂರು ಸೂತ್ರಗಳು ರೂಪುಗೊಂಡವು. ಶಿಕ್ಷಕ ತನ್ನ ಅಭಿಪ್ರಾಯವನ್ನು ವಿದ್ಯಾರ್ಥಿಯ ಮೇಲೆ ಹೇರಬಾರದು. ವಿದ್ವಾಂಸರಲ್ಲಿ, ಸಮಾಜದಲ್ಲಿ ವಿವಾದವಿರುವ ವಿಷಯವನ್ನು ತರಗತಿಯಲ್ಲೂ ವಿವಾದವೆಂದೇ, ಎಲ್ಲ ಬದಿಯನ್ನೂ ಇಟ್ಟು ಕಲಿಸಬೇಕು. ರಾಜಕೀಯ ಸನ್ನಿವೇಶವನ್ನೂ ಅದರಲ್ಲಿ ತನ್ನ ಹಿತವನ್ನೂ ತಾನೇ ವಿಶ್ಲೇಷಿಸುವ ಶಕ್ತಿ ವಿದ್ಯಾರ್ಥಿಗೆ ಬರಬೇಕು. ಅಲ್ಲಿನ ರಾಜಕೀಯ ಶಿಕ್ಷಣ ಇಂದಿಗೂ ಈ ಸೂತ್ರಗಳಿಗೆ ಬದ್ಧ. ಕರ್ನಾಟಕದ ಶಿಕ್ಷಕರಿಗೆ ಇಂಥ ಒಂದು ಪುಟದ ಲಿಖಿತ ಭರವಸೆ ಸಿಕ್ಕರೆ, ಜಿಲ್ಲಾ ಪಂಚಾಯಿತಿ ಚುನಾವಣೆಯ ಪ್ರಶ್ನೆಗೆ ತರಗತಿಯಲ್ಲಿ ಉತ್ತರ ಹುಡುಕಿದ್ದಕ್ಕೆ ನೋಟಿಸ್ ಬರುವುದಿಲ್ಲ ಎಂಬ ಧೈರ್ಯ ಬರುತ್ತದೆ.

ಪೌರಶಿಕ್ಷಣದ ಪರ ಮಾತನಾಡುವಾಗ ಒಂದು ಎಚ್ಚರವೂ ಬೇಕು. ತಿಳಿವಳಿಕೆ ಇಲ್ಲದವರಿಗೆ ಮತದ ಹಕ್ಕು ಯಾಕೆ ಎನ್ನುವವರು ಈ ವಾದವನ್ನು ತಮ್ಮತ್ತ ಎಳೆದುಕೊಳ್ಳುತ್ತಾರೆ. 1951ರ ಜನಗಣತಿಯಂತೆ ದೇಶದ ಸಾಕ್ಷರತೆ ಶೇ 18ರಷ್ಟಿತ್ತು. ಅದೇ ವರ್ಷ ಶುರುವಾದ ಮೊದಲ ಮಹಾಚುನಾವಣೆಯಲ್ಲಿ 17 ಕೋಟಿಗೂ ಹೆಚ್ಚು ಜನರಿಗೆ ಮತದ ಹಕ್ಕಿತ್ತು. ಓದು ಬಾರದವರಿಗಾಗಿ ಪಕ್ಷಗಳಿಗೆ ಚಿಹ್ನೆ ಕೊಟ್ಟರು, ಅಭ್ಯರ್ಥಿಗೊಂದರಂತೆ ಪೆಟ್ಟಿಗೆ ಇಟ್ಟರು. ಅಂದಿನವರು ಹಕ್ಕನ್ನು ಓದಿಗೆ ಕಟ್ಟಿಹಾಕಲಿಲ್ಲ. ಹೆಚ್ಚು ಓದಿದವರು ಹೆಚ್ಚು ಹೊಣೆ ಹೊರುತ್ತಾರೆ ಎನ್ನುವುದಕ್ಕೂ ಆಧಾರ ಕಾಣದು. 2024ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರು ದಕ್ಷಿಣದಲ್ಲಿ ಮತದಾನ ಶೇ 53ರ ಆಸುಪಾಸು, ಮಂಡ್ಯದಲ್ಲಿ ಶೇ 81ಕ್ಕೂ ಹೆಚ್ಚು. ನಗರದ ಮತದಾರರ ಪಟ್ಟಿಯಲ್ಲಿ ಊರು ಬಿಟ್ಟವರ, ಎರಡು ಕಡೆ ಸೇರಿದವರ ಹೆಸರುಗಳೂ ಇರುತ್ತವೆ ಎಂಬುದನ್ನು ಗಣನೆಗೆ ತೆಗೆದುಕೊಂಡರೂ ಅಂತರ ದೊಡ್ಡದು. ಊರಿನ ಆಗುಹೋಗುಗಳಲ್ಲಿ ತನ್ನ ಮಾತಿಗೆ ಬೆಲೆಯಿದೆ ಎಂಬ ಅನುಭವ ಜನರನ್ನು ಮತಗಟ್ಟೆಗೆ ತರುತ್ತದೆ, ವಾರ್ಡ್ ಸದಸ್ಯರೇ ಇಲ್ಲದ ನಗರದಲ್ಲಿ ಬೆಳೆದ ಹುಡುಗರಿಗೆ ಆ ಅನುಭವ ಸಿಗಲಿಲ್ಲ.

ಹೀಗಾಗಿ ಕಡ್ಡಾಯ ಮಾಡಬೇಕಾದದ್ದು ಇನ್ನೊಂದಿಷ್ಟು ಪುಟಗಳನ್ನಲ್ಲ. ಪಿಯುಸಿಯ ಎಲ್ಲ ವಿಭಾಗಗಳಿಗೂ ವಾರಕ್ಕೊಂದು ಪೌರನೀತಿ ಪಿರಿಯಡ್, ಅದರ ಕೊನೆಯಲ್ಲಿ ಅಂಕದ ಬದಲು ತುಂಬಿದ ಫಾರಂ 6. ಶಾಲಾ ಸಂಸತ್ತಿನ ಇಬ್ಬರು ಪ್ರತಿನಿಧಿಗಳಿಗೆ ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಕೂರುವ, ಕೇಳುವ ಅವಕಾಶ. ಸಮಾಜ ವಿಜ್ಞಾನದ ಆಂತರಿಕ ಅಂಕಗಳಲ್ಲಿ ಊರಿನ ಒಂದು ಸಮಸ್ಯೆಯ ಬೆನ್ನುಹತ್ತುವ ಕೆಲಸ. ನಗರದ ಮಕ್ಕಳಿಗೆ ಗ್ರಾಮ ಸಭೆಯ ಬದಲು ವಾರ್ಡ್ ಮಟ್ಟದ ಮಕ್ಕಳ ಸಭೆ. ಹಾಗೂ ಮಕ್ಕಳ ಗ್ರಾಮ ಸಭೆಯ ಕಾರ್ಯಸೂಚಿಯಲ್ಲಿ ಒಂದು ಸಣ್ಣ ಬದಲಾವಣೆ: ಹಾರ ತುರಾಯಿಗೂ ಮೊದಲು, ಸಭೆಯ ಮೊದಲ ವಿಷಯವಾಗಿ, ಕಳೆದ ವರ್ಷ ಮಕ್ಕಳು ಕೇಳಿದ್ದೇನು, ಅದರಲ್ಲಿ ಯಾವುದು ಆಯಿತು, ಯಾವುದು ಆಗಲಿಲ್ಲ, ಯಾಕೆ ಆಗಲಿಲ್ಲ ಎಂಬ ಅನುಪಾಲನಾ ವರದಿಯನ್ನು ಪಿಡಿಒ ಮಕ್ಕಳೆದುರು ಓದಬೇಕು. ಅದರ ಪ್ರತಿ ಶಾಲೆಯ ಸೂಚನಾ ಫಲಕಕ್ಕೆ ಹೋಗಬೇಕು, ಸಮಾಜ ವಿಜ್ಞಾನದ ಶಿಕ್ಷಕರು ಮುಂದಿನ ಪಾಠಕ್ಕೆ ಅದನ್ನೇ ಎತ್ತಿಕೊಳ್ಳಬೇಕು. ಸಭೆಯಲ್ಲಿ ಆ ಓದು ನಡೆಯಬೇಕೆಂದರೆ ಶಾಲೆ ಆರಂಭವಾಗುವ ಹೊತ್ತಿಗೇ ಶಿಕ್ಷಣ ಇಲಾಖೆ ಮತ್ತು ಗ್ರಾಮೀಣಾಭಿವೃದ್ಧಿ ಇಲಾಖೆಗಳ ಜಂಟಿ ಸುತ್ತೋಲೆ ಹೊರಬೀಳಬೇಕು.